ಸತೀಶ್ ಧವನ್

ಸತೀಶ್ ಧವನ್ (25 ಸೆಪ್ಟೆಂಬರ್ 1920 – 3 ಜನವರಿ 2002) ಭಾರತದ ಹೆಸರಾಂತ ವಾಯುಯಾನ ವಿಜ್ಞಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಸುಮಾರು ಎರಡು ದಶಕಗಳ ಕಾಲ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಅಧ್ಯಕ್ಷರಾಗಿ 1972ರಿಂದ 1984ರವರೆಗೆ ಸೇವೆ ಸಲ್ಲಿಸಿದರು. ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಇವರ ಹೆಸರನ್ನೇ ಇಡಲಾಗಿದೆ. ಜನಸಾಮಾನ್ಯರು ಇವರನ್ನು ರಾಕೆಟ್ಟುಗಳ ಜೊತೆಗೆ ನೆನೆಯುತ್ತಾರೆ. ಆದರೆ ಫಿಲಂ ಇಲ್ಲದೆ ಚಿತ್ರ ತೆಗೆಯುವ, ತೆಗೆದ ಚಿತ್ರವನ್ನು ಅಂಕಿಗಳಾಗಿ ಬದಲಿಸಿ ದೂರಕ್ಕೆ ಕಳುಹಿಸುವ ಕ್ಯಾಮೆರಾ ಭಾರತದಲ್ಲಿ ಬಳಕೆಗೆ ಬಂದದ್ದೂ ಇವರ ಕಾಲದಲ್ಲಿಯೇ. ಇಂದು ಪ್ರತಿಯೊಬ್ಬರ ಕಿಸೆಯಲ್ಲಿರುವ ಡಿಜಿಟಲ್ ಕ್ಯಾಮೆರಾದ ಆರಂಭದ ಚರಿತ್ರೆಯಲ್ಲಿ ಕರ್ನಾಟಕದ ಪಾಲು ಏನು ಎಂದು ಹುಡುಕುವವರು ಧವನ್ ಅವರ ಜೀವನವನ್ನು ಓದಬೇಕಾಗುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಧವನ್ ಅವರು ಜನಿಸಿದ್ದು ಶ್ರೀನಗರದಲ್ಲಿ. ತಂದೆ ಅವಿಭಜಿತ ಭಾರತದ ಸರ್ಕಾರಿ ಸೇವೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇವರ ವ್ಯಾಸಂಗ ನಡೆಯಿತು. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ, ಬಳಿಕ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ, ಹೀಗೆ ಒಂದರೊಡನೊಂದು ಸೇರದ ಮೂರು ವಿದ್ಯೆಗಳನ್ನು ಒಬ್ಬರೇ ಕಲಿತರು. ಕಲೆ ಮತ್ತು ವಿಜ್ಞಾನಗಳನ್ನು ಹತ್ತನೆಯ ತರಗತಿ ಮುಗಿದ ಕೂಡಲೇ ಬೇರ್ಪಡಿಸಿಬಿಡುವ ಇಂದಿನ ಪದ್ಧತಿಯಲ್ಲಿ ಇಂಥ ವಿದ್ಯಾರ್ಥಿಗೆ ಎಡೆ ಇರುತ್ತಿತ್ತೋ ಇಲ್ಲವೋ.

ಎಂಜಿನಿಯರಿಂಗ್ ಮುಗಿಸಿದ ಬಳಿಕ ಕೆಲಕಾಲ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿದ್ದರು. ಮುಂದೆ ತಮ್ಮ ಊರೇ ಆಗಲಿದ್ದ ನಗರವನ್ನು ಕಂಡದ್ದು ಹಾಗೆ. ಅನಂತರ ಅಮೆರಿಕಕ್ಕೆ ತೆರಳಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1947ರಲ್ಲಿ ಸ್ನಾತಕೋತ್ತರ ಪದವಿ, ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯಲ್ಲಿ (ಕಾಲ್ಟೆಕ್) 1951ರಲ್ಲಿ ಡಾಕ್ಟರೇಟ್ ಪಡೆದರು. ಈ ನಡುವೆ ದೇಶ ಇಬ್ಭಾಗವಾಗಿ, ಅವರು ಓದಿದ ಲಾಹೋರು ಪರದೇಶಕ್ಕೆ ಸೇರಿಹೋಗಿತ್ತು.

ಕಾಣದ್ದನ್ನು ಅಳೆಯುವ ವಿದ್ಯೆ

ಕಾಲ್ಟೆಕ್‌ನಲ್ಲಿ ಧವನ್ ಅವರ ಗುರುಗಳು ಹಾನ್ಸ್ ಲೀಪ್‌ಮನ್. ಗಾಳಿಯಲ್ಲಿ ವೇಗವಾಗಿ ಸಾಗುವ ವಸ್ತುವಿನ ಮೈಗೆ ಅಂಟಿದಂತೆ ಗಾಳಿಯ ಒಂದು ತೆಳುಪದರ ಇರುತ್ತದೆ. ಅದು ಮೇಲ್ಮೈಯನ್ನು ಹಿಂದಕ್ಕೆ ಎಳೆಯುತ್ತದೆ. ಈ ಎಳೆತವನ್ನು ಲೆಕ್ಕ ಹಾಕಿ ಹೇಳುವುದು ರೂಢಿಯಾಗಿತ್ತು. ನೇರವಾಗಿ ಅಳೆಯುವುದು ಬಹಳ ಕಷ್ಟವಾಗಿತ್ತು. ಧವನ್ ಅವರು ಲೋಹದ ಹಲಗೆಯ ಒಂದು ಚಿಕ್ಕ ತುಣುಕನ್ನು ಉಳಿದ ಭಾಗದಿಂದ ಕೂದಲೆಳೆಯಷ್ಟು ಬೇರ್ಪಡಿಸಿ, ತೇಲುವಂತೆ ಕೂಡಿಸಿ, ಗಾಳಿಯ ಎಳೆತಕ್ಕೆ ಅದು ಸರಿಯುವ ಅತ್ಯಲ್ಪ ದೂರವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಅಳೆದರು. ಇವರ ಈ ಅಳತೆಗಳು ವಿಷಯದ ಪ್ರಮುಖ ಪಠ್ಯಗ್ರಂಥಗಳನ್ನು ಸೇರಿದವು. ಗುರು ಲೀಪ್‌ಮನ್ ಮತ್ತು ಸಹಪಾಠಿ ಅನಾತೋಲ್ ರೋಷ್ಕೋ ಅವರೊಡನೆ ಆಘಾತ ತರಂಗಗಳ ಮೇಲೆಯೂ ಕೆಲಸ ಮಾಡಿದರು.

ಆಘಾತ ತರಂಗ ಕಣ್ಣಿಗೆ ಕಾಣುವಂಥದ್ದಲ್ಲ. ಗಾಳಿ ಒತ್ತಾಗಿರುವಲ್ಲಿ ಬೆಳಕು ತುಸು ಬಾಗುತ್ತದೆ ಎಂಬ ಗುಣವನ್ನು ಬಳಸಿಕೊಂಡು, ಕನ್ನಡಿಗಳನ್ನೂ ಕತ್ತಿಯಂಚಿನಂಥ ಒಂದು ತಡೆಯನ್ನೂ ಜೋಡಿಸಿ ಆ ತರಂಗವನ್ನು ಕಪ್ಪು ಬಿಳುಪು ಗೆರೆಯಾಗಿ ಫಿಲಮ್ಮಿನ ಮೇಲೆ ಮೂಡಿಸಲಾಗುತ್ತಿತ್ತು. ಗಾಳಿ ಸುರಂಗದಲ್ಲಿ ದುಡಿದ ಆ ತಲೆಮಾರಿನ ವಿಜ್ಞಾನಿಗಳಿಗೆ ಕ್ಯಾಮೆರಾ ಒಂದು ಅಳತೆಯ ಉಪಕರಣ. ಛಾಯಾಚಿತ್ರವೆಂದರೆ ಅವರಿಗೆ ನೆನಪಿನ ಆಲ್ಬಮ್ಮಿಗೆ ಅಂಟಿಸುವ ವಸ್ತುವಾಗಿರಲಿಲ್ಲ, ಮಾಹಿತಿಯಾಗಿತ್ತು. ಮುಂದೆ ಉಪಗ್ರಹದ ಕ್ಯಾಮೆರಾ ಕುರಿತ ತೀರ್ಮಾನಗಳು ತಮ್ಮ ಮೇಜಿಗೆ ಬಂದಾಗ ಧವನ್ ಅವರಿಗೆ ಆ ವಿಷಯ ಹೊಸದೆನಿಸಿರಲಾರದು.

ಬೆಂಗಳೂರಿಗೆ

1951ರಲ್ಲಿ ಧವನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಸಂಸ್ಥೆ ಅದು. ಅಲ್ಲಿ ಇವರು ಕಟ್ಟಿದ ಮೊದಲ ಶಬ್ದಾತೀತ ಗಾಳಿ ಸುರಂಗದ ಬಾಯಿ ಒಂದು ಅಂಗುಲಕ್ಕೆ ಮೂರು ಅಂಗುಲದಷ್ಟು ಮಾತ್ರ. ಬೆಂಕಿಪೆಟ್ಟಿಗೆ ಹಿಡಿಯುವಷ್ಟು ಜಾಗದಲ್ಲಿ ಶಬ್ದಕ್ಕಿಂತ ವೇಗದ ಗಾಳಿಯನ್ನು ಹರಿಸಿ ಪಾಠ ಆರಂಭವಾಯಿತು. 1955ರಲ್ಲಿ ವಾಯುಯಾನ ವಿಭಾಗದ ಮುಖ್ಯಸ್ಥರಾದರು, 1962ರಲ್ಲಿ ಸಂಸ್ಥೆಯ ನಿರ್ದೇಶಕರಾದರು. ನಗರದ ರಾಷ್ಟ್ರೀಯ ವಾಯುಯಾನ ಪ್ರಯೋಗಾಲಯದ ದೊಡ್ಡ ಗಾಳಿ ಸುರಂಗಗಳ ಬೆಳವಣಿಗೆಯಲ್ಲೂ ಅವರ ಸಲಹೆ, ಶ್ರಮಗಳಿವೆ.

ಬೆಂಗಳೂರಿನಲ್ಲಿ ಇವರ ಮೊದಮೊದಲ ಶಿಷ್ಯರಲ್ಲಿ ರೊದ್ದಂ ನರಸಿಂಹ ಒಬ್ಬರು. ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯ ತಲೆಮಾರಿನ ಲೇಖಕ ಆರ್. ಎಲ್. ನರಸಿಂಹಯ್ಯನವರ ಮಗ. ಗುರುಶಿಷ್ಯರಿಬ್ಬರೂ ಸೇರಿ 1958ರಲ್ಲಿ ಪ್ರಕಟಿಸಿದ ಲೇಖನವೊಂದು, ಶಾಂತವಾಗಿ ಹರಿಯುವ ಗಾಳಿ ಪ್ರಕ್ಷುಬ್ಧವಾಗುವ ಬಗೆಯನ್ನು ಕುರಿತದ್ದು, ಇಂದಿಗೂ ಆ ಕ್ಷೇತ್ರದಲ್ಲಿ ಉಲ್ಲೇಖಗೊಳ್ಳುತ್ತದೆ.

ನಿರ್ದೇಶಕರಾಗಿ ಧವನ್ ಅವರು ಎಂಜಿನಿಯರಿಂಗ್ ವಿಷಯಗಳಿಗಷ್ಟೇ ಗಮನ ಕೊಡಲಿಲ್ಲ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಂಥವರು ಸಂಸ್ಥೆಗೆ ಬಂದದ್ದು ಇವರ ಕಾಲದಲ್ಲಿ. ರಸಾಯನ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಾಡಿಗೆ ತಂತ್ರಜ್ಞಾನ ಒದಗಿಸುವ ಅಸ್ತ್ರ ಎಂಬ ಕೇಂದ್ರವನ್ನು ಸ್ಥಾಪಿಸಿದಾಗ ನಿರ್ದೇಶಕರ ಬೆಂಬಲ ಅದಕ್ಕಿತ್ತು. ಮಾಗಡಿಯ ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅಸ್ತ್ರದ ಪ್ರಯೋಗಗಳು ನಡೆದವು. ಕಡಿಮೆ ಸೌದೆಯಲ್ಲಿ ಉರಿದು ಕಡಿಮೆ ಹೊಗೆಯುಗುಳುವ ಅಸ್ತ್ರ ಒಲೆ ಆ ಸೀಮೆಯ ಅಡುಗೆಮನೆಗಳನ್ನು ಹೊಕ್ಕಿತು. ಗಾಳಿ ಸುರಂಗದ ವಿಜ್ಞಾನಿ ಒಲೆಯ ಹೊಗೆಯನ್ನು ಕಡೆಗಣಿಸಲಿಲ್ಲ ಎಂಬುದು ಇವರ ಜೀವನಚರಿತ್ರೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ.

ಇಸ್ರೋ ಹೊಣೆ

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ಹಠಾತ್ತನೆ ನಿಧನರಾದರು. ಕೆಲವು ತಿಂಗಳು ಎಂ. ಜಿ. ಕೆ. ಮೆನನ್ ಹೊಣೆ ಹೊತ್ತರು. ಆಗ ಕಾಲ್ಟೆಕ್‌ನಲ್ಲಿ ರಜೆಯ ಮೇಲಿದ್ದ ಧವನ್ ಅವರಿಗೆ ಪ್ರಧಾನಿ ಇಂದಿರಾ ಗಾಂಧಿಯವರ ಕರೆ ಹೋಯಿತು. ಅವರು ಎರಡು ಷರತ್ತುಗಳನ್ನಿಟ್ಟರು. ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯಲ್ಲಿ ತಾವು ಮುಂದುವರಿಯಬೇಕು. ಬಾಹ್ಯಾಕಾಶ ಇಲಾಖೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡಕ್ಕೂ ಒಪ್ಪಿಗೆ ದೊರೆಯಿತು. ಕೇಂದ್ರ ಸರ್ಕಾರದ ಒಂದು ಇಲಾಖೆ ದೆಹಲಿಯ ಬದಲು ಬೆಂಗಳೂರಿನ ಕಾವೇರಿ ಭವನದಿಂದ ನಡೆದದ್ದು ಹೀಗೆ. ಬೆಂಗಳೂರು ಬಾಹ್ಯಾಕಾಶದ ನಗರವಾದ ಕಥೆಯ ಬಹುಭಾಗ ಈ ಎರಡನೆಯ ಷರತ್ತಿನಲ್ಲಿದೆ.

1972ರಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆಗಳು ರೂಪುಗೊಂಡವು. ಉಡುಪಿ ಸಮೀಪದ ಅದಮಾರಿನವರಾದ ಉಡುಪಿ ರಾಮಚಂದ್ರ ರಾವ್ ಅವರು ತರುಣ ಎಂಜಿನಿಯರುಗಳ ತಂಡ ಕಟ್ಟಿಕೊಂಡು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ದೇಶದ ಮೊದಲ ಉಪಗ್ರಹವನ್ನು ಕಟ್ಟತೊಡಗಿದರು. ತಗಡಿನ ಮಾಡಿನ ಕೆಳಗೆ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಕಕ್ಷೆಗೇರಿತು. ಅದೇ ವರ್ಷ ಆಗಸ್ಟ್‌ನಲ್ಲಿ ಆರಂಭವಾದ ಸೈಟ್ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಇದರಲ್ಲಿ ಪಾಲ್ಗೊಂಡರು.

ಫಿಲಂ ಇಲ್ಲದ ಕ್ಯಾಮೆರಾ

ಇಲ್ಲಿ ಕ್ಯಾಮೆರಾದ ಚರಿತ್ರೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ. ಚಿತ್ರವನ್ನು ಅಂಕಿಗಳಾಗಿ ಬದಲಿಸುವ ಅಗತ್ಯ ಮೊದಲು ತೀವ್ರವಾಗಿ ಕಂಡದ್ದು ಬಾಹ್ಯಾಕಾಶದವರಿಗೆ. ಮಂಗಳ ಗ್ರಹದ ಬಳಿ ಹಾದುಹೋಗುವ ನೌಕೆಯಿಂದ ಫಿಲಂ ಸುರುಳಿಯನ್ನು ಮರಳಿ ತರುವವರು ಯಾರು? ಕಾಲ್ಟೆಕ್ ನಡೆಸುವ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಮ್ಯಾರಿನರ್ 4 ನೌಕೆ 1965ರ ಜುಲೈನಲ್ಲಿ ಮಂಗಳದ ಚಿತ್ರಗಳನ್ನು ಅಂಕಿಗಳ ರೂಪದಲ್ಲಿ ಕಳುಹಿಸಿತು. ಒಂದೊಂದು ಚಿತ್ರದಲ್ಲೂ ಇದ್ದದ್ದು 200 ಸಾಲು, ಸಾಲಿಗೆ 200 ಬಿಂದು, ಬಿಂದುವಿಗೆ ಬೆಳಕಿನ 64 ಮಟ್ಟಗಳು. ಒಂದು ಚಿತ್ರ ಭೂಮಿಗೆ ಬಂದು ಸೇರಲು ಎಂಟು ಗಂಟೆಗೂ ಮಿಕ್ಕಿ ಹಿಡಿಯುತ್ತಿತ್ತು. ಕಂಪ್ಯೂಟರು ಚಿತ್ರ ಜೋಡಿಸುವವರೆಗೆ ಕಾಯಲಾರದ ಎಂಜಿನಿಯರುಗಳು ಅಂಕಿ ಮುದ್ರಿತವಾದ ಕಾಗದದ ಪಟ್ಟಿಗಳನ್ನು ಗೋಡೆಗೆ ಅಂಟಿಸಿ, ಬಣ್ಣದ ಕಡ್ಡಿಗಳಿಂದ ಕೈಯಲ್ಲೇ ತುಂಬಿದರು. ಮಗ್ಗಿಪುಸ್ತಕದಂಥ ಅಂಕಿಗಳಿಂದ ಒಂದು ಗ್ರಹದ ಅಂಚು ಮೂಡಿತು.

ಆದರೂ ಮ್ಯಾರಿನರಿನ ಕಣ್ಣು ನಿರ್ವಾತ ಗಾಜಿನ ಕೊಳವೆಯದು, ಹಳೆಯ ಟೆಲಿವಿಷನ್ ಕ್ಯಾಮೆರಾದ ಜಾತಿಯದು. 1969ರ ಅಕ್ಟೋಬರಿನಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸಿಲಿಕಾನ್ ಸಾಧನವನ್ನು ರೂಪಿಸಿದರು. ಇದರ ಕೆಲಸ ಮಳೆನೀರನ್ನು ಬಿಂದಿಗೆಗಳಲ್ಲಿ ಹಿಡಿದಂತೆ. ಸಾಲಾಗಿಟ್ಟ ಬಿಂದಿಗೆಗಳಲ್ಲಿ ಎಲ್ಲಿ ಮಳೆ ಹೆಚ್ಚೋ ಅಲ್ಲಿ ನೀರು ಹೆಚ್ಚು. ಮಳೆ ನಿಂತ ಮೇಲೆ ಪ್ರತಿ ಬಿಂದಿಗೆಯ ನೀರನ್ನು ಪಕ್ಕದ ಬಿಂದಿಗೆಗೆ, ಅದನ್ನು ಅದರ ಪಕ್ಕದ್ದಕ್ಕೆ, ಹೀಗೆ ಕೈಯಿಂದ ಕೈಗೆ ದಾಟಿಸುತ್ತ ಕೊನೆಯಲ್ಲಿ ಕೂತವನು ಒಂದೊಂದನ್ನೂ ಅಳೆದು ಬರೆದುಕೊಳ್ಳುತ್ತಾನೆ. ಮಳೆಯೆಂದರೆ ಬೆಳಕು, ನೀರೆಂದರೆ ವಿದ್ಯುದಾವೇಶ, ಬರೆದುಕೊಂಡ ಅಂಕಿಗಳೇ ಚಿತ್ರ. ಕೊಡಾಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರ ಡಿಸೆಂಬರಿನಲ್ಲಿ ಇಂಥದೊಂದು ಸಿಸಿಡಿಯನ್ನು ಬಳಸಿ ಕೈಯಲ್ಲಿ ಎತ್ತಬಹುದಾದ ಡಿಜಿಟಲ್ ಕ್ಯಾಮೆರಾ ಮಾಡಿದರು. ತೂಕ ಸುಮಾರು 3.6 ಕಿಲೋ. ಚಿತ್ರಬಿಂದುಗಳು ಹತ್ತು ಸಾವಿರ. ಒಂದು ಚಿತ್ರ ಕ್ಯಾಸೆಟ್ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡು. ಫಿಲಂ ಮಾರಿ ಬದುಕುತ್ತಿದ್ದ ಕಂಪನಿ ಅದನ್ನು ಮಾರುಕಟ್ಟೆಗೆ ತರುವ ಉತ್ಸಾಹ ತೋರಲಿಲ್ಲ. ಬಾಯ್ಲ್ ಮತ್ತು ಸ್ಮಿತ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಅದೇ 1975ರ ಆಗಸ್ಟ್ 15ರಂದು ಬಿಡುಗಡೆಯಾದ ಶೋಲೆ ಚಿತ್ರ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರಿತವಾಗಿತ್ತು. ಅಲ್ಲಿ ಮೈಲುಗಟ್ಟಲೆ ಫಿಲಂ ಸುರುಳಿ ಬಿಚ್ಚಿಕೊಳ್ಳುತ್ತಿದ್ದ ದಿನಗಳಲ್ಲೇ ಆಗಿನ ಅದೇ ಬೆಂಗಳೂರು ಜಿಲ್ಲೆಯ ಪೀಣ್ಯದಲ್ಲಿ ಮುಂದೆ ಫಿಲಮ್ಮಿನ ಹಂಗಿಲ್ಲದೆ ನೆಲದ ಚಿತ್ರ ತೆಗೆಯಲಿದ್ದ ತಂಡ ತನ್ನ ಮೊದಲ ಉಪಗ್ರಹದ ಮೊಳೆ ಬಿಗಿಯುತ್ತಿತ್ತು.

ಭಾರತದ ದೂರಸಂವೇದನೆಯೂ ಫಿಲಮ್ಮಿನಿಂದಲೇ ಆರಂಭವಾದದ್ದು. 1970ರಲ್ಲಿ ಪಿ. ಆರ್. ಪಿಷಾರೋಟಿಯವರ ತಂಡ ಹೆಲಿಕಾಪ್ಟರಿನಿಂದ ಕೇರಳದ ತೆಂಗಿನ ತೋಟಗಳ ಅತಿಗೆಂಪು ಚಿತ್ರ ತೆಗೆದು, ಬೇರುರೋಗ ತಗುಲಿದ ಮರಗಳನ್ನು ಗುರುತಿಸಿತ್ತು. ಸಾರಾಭಾಯ್ ಕಾಲದ ಈ ಹೊಳಹನ್ನು ವ್ಯವಸ್ಥೆಯಾಗಿ ಬೆಳೆಸುವ ಕೆಲಸ ಧವನ್ ಅವರ ಪಾಲಿಗೆ ಬಂತು. 1979ರ ಜೂನ್ 7ರಂದು ಭಾಸ್ಕರ 1, 1981ರ ನವೆಂಬರ್ 20ರಂದು ಭಾಸ್ಕರ 2 ಸೋವಿಯತ್ ರಾಕೆಟ್ಟುಗಳಲ್ಲಿ ಮೇಲೇರಿದವು. ಎರಡರಲ್ಲೂ ತಲಾ ಎರಡು ಟೆಲಿವಿಷನ್ ಕ್ಯಾಮೆರಾಗಳು, ಒಂದು ಕಾಣುವ ಬೆಳಕಿಗೆ, ಇನ್ನೊಂದು ಅತಿಗೆಂಪಿಗೆ. ಒಂದು ಬಿಂದುವೆಂದರೆ ನೆಲದ ಮೇಲೆ ಸುಮಾರು ಒಂದು ಕಿಲೋಮೀಟರ್. ಭಾಸ್ಕರ 2ರ ಒಂದು ಕ್ಯಾಮೆರಾ ಕೆಟ್ಟರೂ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು.

1979ರ ಆಗಸ್ಟ್ 10

ಉಪಗ್ರಹ ಕಟ್ಟುವುದು ಒಂದು, ಅದನ್ನು ತನ್ನ ರಾಕೆಟ್ಟಿನಲ್ಲಿ ಹಾರಿಸುವುದು ಇನ್ನೊಂದು. ಸ್ವದೇಶಿ ರಾಕೆಟ್ಟು ಎಸ್‌ಎಲ್‌ವಿ 3ರ ಯೋಜನಾ ನಿರ್ದೇಶಕರಾಗಿದ್ದವರು ಎ. ಪಿ. ಜೆ. ಅಬ್ದುಲ್ ಕಲಾಂ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ರಾಕೆಟ್ಟಿನ ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟು, ಅದು ಕಕ್ಷೆ ಸೇರದೆ ಬಂಗಾಳ ಕೊಲ್ಲಿಯಲ್ಲಿ ಬಿದ್ದಿತು. ಹಾರಿಸುವ ಮೊದಲು ಕಂಪ್ಯೂಟರು ಎಚ್ಚರಿಕೆ ಕೊಟ್ಟಿತ್ತು. ತಜ್ಞರ ಅಭಿಪ್ರಾಯವನ್ನು ಪಡೆದು ಕಲಾಂ ಮುಂದುವರಿದಿದ್ದರು. ಬಡದೇಶಕ್ಕೆ ರಾಕೆಟ್ಟು ಏಕೆ ಎಂದು ಕೇಳುವವರಿಗೆ ಆಗ ಕೊರತೆಯಿರಲಿಲ್ಲ. ವರ್ಷಗಳ ದುಡಿಮೆ ಮತ್ತು ಕೋಟಿಗಟ್ಟಲೆ ಹಣ ಕೆಲವೇ ನಿಮಿಷಗಳಲ್ಲಿ ನೀರುಪಾಲಾಗಿತ್ತು.

ಪತ್ರಿಕಾಗೋಷ್ಠಿಗೆ ಧವನ್ ಅವರು ಕಲಾಂ ಅವರನ್ನು ಜೊತೆಗೆ ಕರೆದುಕೊಂಡು ಹೋದರು. ಸೋಲಿನ ಹೊಣೆ ಸಂಸ್ಥೆಯ ಮುಖ್ಯಸ್ಥನಾದ ತನ್ನದೆಂದು ಹೇಳಿ, ತಮ್ಮ ತಂಡದಲ್ಲಿ ತಮಗೆ ನಂಬಿಕೆಯಿದೆಯೆಂದೂ ಮುಂದಿನ ಯತ್ನ ಗೆಲ್ಲುವುದೆಂದೂ ತಿಳಿಸಿದರು. ಕಲಾಂ ಅವರ ಕಡೆಗೆ ಒಂದು ಪ್ರಶ್ನೆಯೂ ಬಾರದಂತೆ ನೋಡಿಕೊಂಡರು. 1980ರ ಜುಲೈ 18ರಂದು ಎರಡನೆಯ ರಾಕೆಟ್ಟು 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಆ ದಿನದ ಪತ್ರಿಕಾಗೋಷ್ಠಿಯನ್ನು ನಡೆಸಲು ಧವನ್ ಅವರು ಕಲಾಂ ಅವರಿಗೇ ಹೇಳಿದರು, ತಾವು ಹಿಂದೆ ಉಳಿದರು. ಮುಂದೆ ರಾಷ್ಟ್ರಪತಿಯಾದ ಕಲಾಂ ಈ ಪ್ರಸಂಗವನ್ನು ಶಾಲೆ ಕಾಲೇಜುಗಳ ವಿದ್ಯಾರ್ಥಿಗಳ ಮುಂದೆ ಎಷ್ಟೋ ಬಾರಿ ಹೇಳಿದ್ದರಿಂದ ಅದು ದೇಶಕ್ಕೆಲ್ಲ ತಿಳಿಯಿತು. ಧವನ್ ಅವರ ಇತರ ಕೆಲಸಗಳನ್ನು ಈ ಒಂದು ಪ್ರಸಂಗ ಮರೆಮಾಡಿರುವುದೂ ಉಂಟು.

ರೋಹಿಣಿಯ ಕಣ್ಣು

ಆ ಗೆಲುವಿನ ಫಲ ಬೇಗನೆ ಕಂಡಿತು. 1981ರ ಮೇ 31ರಂದು ಹಾರಿದ ರೋಹಿಣಿ ಉಪಗ್ರಹದಲ್ಲಿ ಗಾಜಿನ ಕೊಳವೆಯಿಲ್ಲದ, ಸಿಲಿಕಾನ್ ಕಣ್ಣಿನ ಕ್ಯಾಮೆರಾ ಇತ್ತು. ಕಕ್ಷೆ ಎಣಿಸಿದ್ದಕ್ಕಿಂತ ಕೆಳಗಾದ ಕಾರಣ ಅದು ಒಂಬತ್ತು ದಿನಗಳಲ್ಲಿ ಉರಿದುಹೋಯಿತು. ಎರಡು ವರ್ಷ ಬಿಟ್ಟು 1983ರ ಏಪ್ರಿಲ್ 17ರಂದು ಇನ್ನೊಂದು ರೋಹಿಣಿ, 41.5 ಕಿಲೋ ತೂಕದ್ದು, ಮೇಲೇರಿತು. ಅದರ ಕ್ಯಾಮೆರಾ ಕಾಣುವ ಬೆಳಕಿನಲ್ಲೂ ಅತಿಗೆಂಪಿನಲ್ಲೂ ಚಿತ್ರ ತೆಗೆಯುತ್ತಿತ್ತು. ಇಷ್ಟೇ ಆಗಿದ್ದರೆ ವಿಶೇಷವೇನೂ ಅಲ್ಲ. ಎರಡು ಬಗೆಯ ಬೆಳಕಿನ ಅಂಕಿಗಳನ್ನು ಉಪಗ್ರಹದಲ್ಲೇ ಹೋಲಿಸಿ, ಇದು ನೀರು, ಇದು ಹಸಿರು, ಇದು ಬರಿನೆಲ, ಇದು ಮೋಡ ಎಂದು ವಿಂಗಡಿಸುವ ಸಾಮರ್ಥ್ಯವೂ ಅದಕ್ಕಿತ್ತು. ಜಾಣ ಸಂವೇದಕ ಎಂಬರ್ಥದ ಹೆಸರು ಅದಕ್ಕೆ ಬಂದದ್ದು ಈ ಕಾರಣದಿಂದ. ಇಂದಿನ ಮೊಬೈಲು ಮುಖ ಗುರುತಿಸಿ ಚೌಕ ಹಾಕುವುದನ್ನು ಕಂಡು ಬೆರಗಾಗುವವರು, ಕ್ಯಾಮೆರಾ ತಾನು ಕಂಡದ್ದನ್ನು ತಾನೇ ವಿಂಗಡಿಸುವ ಯತ್ನ 1983ರಲ್ಲಿ ಭಾರತದ ರಾಕೆಟ್ಟಿನಲ್ಲಿ ಹೋದ ಭಾರತದ ಉಪಗ್ರಹದಲ್ಲಿ ನಡೆದಿತ್ತೆಂಬುದನ್ನು ಅರಿಯಬೇಕು.

ಹದಿನೇಳು ತಿಂಗಳು ದುಡಿದ ಈ ಕ್ಯಾಮೆರಾ 2500ಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿತು. ಉಪಗ್ರಹವು 1990ರ ಏಪ್ರಿಲ್ 19ರಂದು ವಾತಾವರಣಕ್ಕೆ ಮರಳಿ ಉರಿದುಹೋಯಿತು.

ಈ ಅವಧಿಯಲ್ಲೇ, 1981ರ ಜೂನ್‌ನಲ್ಲಿ, ಆ್ಯಪಲ್ ಎಂಬ ಸಂಪರ್ಕ ಉಪಗ್ರಹವೂ ಹಾರಿತು. ಅದನ್ನು ಲೋಹವಿಲ್ಲದ ವಾಹನದ ಮೇಲಿಟ್ಟು ಆಂಟೆನಾ ಪರೀಕ್ಷಿಸಲು ಬೆಂಗಳೂರಿನಲ್ಲಿ ಎತ್ತಿನ ಗಾಡಿ ಬಳಸಿದ ಚಿತ್ರ ಜಗತ್ತಿನಾದ್ಯಂತ ಹರಡಿದೆ. ಅದನ್ನು ಬಡತನದ ಗುರುತೆಂದು ನೋಡುವವರೇ ಹೆಚ್ಚು. ಅದು ಖರ್ಚಿಲ್ಲದ, ಸರಿಯಾದ ಎಂಜಿನಿಯರಿಂಗ್ ಉಪಾಯವಾಗಿತ್ತು.

ಹೊಲದ ಮೇಲಿನ ಬಿಂದು

ಧವನ್ ಅವರು 1981ರಲ್ಲಿ ವಿಜ್ಞಾನ ಸಂಸ್ಥೆಯಿಂದ, 1984ರಲ್ಲಿ ಇಸ್ರೋ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದರು. ಅವರ ನಂತರ ಬಂದವರು ಯು. ಆರ್. ರಾವ್. ಧವನ್ ಅವರ ಅವಧಿಯಲ್ಲಿ ರೂಪುಗೊಂಡ ದೂರಸಂವೇದಿ ಉಪಗ್ರಹ ಯೋಜನೆ ರಾವ್ ಅವರ ಕಾಲದಲ್ಲಿ ಫಲಿಸಿತು. 1988ರ ಮಾರ್ಚ್ 17ರಂದು ಐಆರ್‌ಎಸ್ 1ಎ ಉಪಗ್ರಹ ಬೈಕನೂರಿನಿಂದ ಹಾರಿ 904 ಕಿಲೋಮೀಟರ್ ಎತ್ತರದ ಕಕ್ಷೆಗೆ ಸೇರಿತು. ಉಪಗ್ರಹ ಬೆಂಗಳೂರಿನದು, ಕ್ಯಾಮೆರಾಗಳು ಅಹಮದಾಬಾದಿನವು. ಕ್ಯಾಮೆರಾದ ಕಣ್ಣು 2048 ಬಿಂದುಗಳ ಸಿಸಿಡಿ ಸಾಲು. ಅಮೆರಿಕದ ಆರಂಭದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳಲ್ಲಿ ಒಂದು ಕನ್ನಡಿ ಎಡಬಲಕ್ಕೆ ತೂಗಾಡುತ್ತ ನೆಲವನ್ನು ಗುಡಿಸುತ್ತಿತ್ತು. ಇಲ್ಲಿ ಅಲುಗಾಡುವ ಭಾಗವೇ ಇಲ್ಲ. ಉಪಗ್ರಹ ಮುಂದೆ ಸಾಗಿದಂತೆ ಸಾಲಿನ ಮೇಲೆ ಸಾಲು ಸೇರಿ ಚಿತ್ರವಾಗುತ್ತದೆ, ಮಗ್ಗದಲ್ಲಿ ಎಳೆಯ ಮೇಲೆ ಎಳೆ ಸೇರಿ ಸೀರೆಯಾದಂತೆ.

ಆ ಉಪಗ್ರಹದ ಒಂದು ಕ್ಯಾಮೆರಾದ ಚಿತ್ರಬಿಂದು ನೆಲದ ಮೇಲೆ 72.5 ಮೀಟರ್ ಚೌಕ, ಇನ್ನೆರಡು ಕ್ಯಾಮೆರಾಗಳದ್ದು 36.25 ಮೀಟರ್ ಚೌಕ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು ಸುಮಾರು ಒಂದು ಎಕರೆ ಹನ್ನೆರಡು ಗುಂಟೆ, ಎರಡನೆಯದು ಹದಿಮೂರು ಗುಂಟೆ. ಅಂದರೆ ಮಾಗಡಿಯ ಸಾವನದುರ್ಗದಂಥ ಹೆಬ್ಬಂಡೆ ಈ ಚಿತ್ರದಲ್ಲಿ ನೂರಾರು ಬಿಂದುಗಳಷ್ಟು ಹರಡುತ್ತದೆ. ಚನ್ನಪಟ್ಟಣದ ಕಡೆಯ ಹಿಪ್ಪುನೇರಳೆಯ ಸಣ್ಣ ತೋಟ ಒಂದೆರಡು ಬಿಂದುಗಳಲ್ಲಿ ಮುಗಿದು, ಪಕ್ಕದವರ ರಾಗಿ ಹೊಲದೊಡನೆ ಬಣ್ಣ ಬೆರೆಸಿಕೊಳ್ಳುತ್ತದೆ. ಸಣ್ಣ ಹಿಡುವಳಿಯ ದೇಶಕ್ಕೆ ಚಿತ್ರಬಿಂದು ಚಿಕ್ಕದಾಗುತ್ತ ಹೋಗಬೇಕಾದ ಅಗತ್ಯ ಇದರಿಂದ ತಿಳಿಯುತ್ತದೆ.

ಗಟ್ಟಿ ಶಿಲೆಯ ನಾಡಿಗೆ ಈ ಚಿತ್ರಗಳಿಂದ ಆದ ನೇರ ಉಪಯೋಗ ನೀರಿನದು. ರಾಮನಗರ, ಕನಕಪುರ ಸೀಮೆಯಲ್ಲಿ ಮಣ್ಣಿನ ಕೆಳಗೆ ಇರುವುದು ಕಲ್ಲು. ಕಲ್ಲಿನಲ್ಲಿ ನೀರು ನಿಲ್ಲದು, ಕಲ್ಲಿನ ಬಿರುಕುಗಳಲ್ಲಿ ನಿಲ್ಲುತ್ತದೆ. ನೆಲದ ಮೇಲೆ ನಿಂತವನಿಗೆ ಕಾಣದ ಉದ್ದನೆಯ ಬಿರುಕುಗಳು ಮೇಲಿನಿಂದ ತೆಗೆದ ಚಿತ್ರದಲ್ಲಿ ಗೆರೆಗಳಾಗಿ ತೋರುತ್ತವೆ. 1980ರ ದಶಕದ ಕುಡಿಯುವ ನೀರಿನ ರಾಷ್ಟ್ರೀಯ ಕಾರ್ಯಕ್ರಮಕ್ಕಾಗಿ ಉಪಗ್ರಹ ಚಿತ್ರಗಳನ್ನು ಆಧರಿಸಿ ದೇಶದ ಜಿಲ್ಲೆಗಳ ಅಂತರ್ಜಲ ನಕ್ಷೆಗಳನ್ನು ತಯಾರಿಸಲಾಯಿತು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಸ್ಥಾಪನೆಯಾದದ್ದು 1986ರಲ್ಲಿ. ಬಡದೇಶಕ್ಕೆ ರಾಕೆಟ್ಟು ಏಕೆ ಎಂಬ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಇದೊಂದು. ನಕ್ಷೆಯಿದ್ದೂ ಮಿತಿಯಿಲ್ಲದೆ ಕೊಳವೆಬಾವಿ ಕೊರೆದದ್ದಕ್ಕೆ ಉಪಗ್ರಹವನ್ನು ದೂರಲಾಗದು.

ಹಕ್ಕಿಗಳ ಹಾರಾಟ

ಶ್ರೀಹರಿಕೋಟಾ ಇರುವುದು ಪುಲಿಕಾಟ್ ಸರೋವರದ ದಡದಲ್ಲಿ. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳೂ ಹೆಜ್ಜಾರ್ಲೆಗಳೂ ಹಿಂಡುಹಿಂಡಾಗಿ ಬರುತ್ತವೆ. ಜೀವನವಿಡೀ ವಿಮಾನದ ರೆಕ್ಕೆಗಳ ಗಣಿತ ಮಾಡಿದ ಧವನ್ ಅವರು ನಿವೃತ್ತಿಯ ವರ್ಷಗಳಲ್ಲಿ ಹಕ್ಕಿಯ ರೆಕ್ಕೆಯ ಕಡೆಗೆ ತಿರುಗಿದರು. ಹಕ್ಕಿ ಏರುವ, ತೇಲುವ, ಇಳಿಯುವ ಬಗೆಗಳನ್ನು ವಾಯುಬಲ ವಿಜ್ಞಾನದ ದೃಷ್ಟಿಯಿಂದ ವಿವರಿಸುವ ಒಂದು ಪುಸ್ತಕವನ್ನು ಬರೆದರು. ಭಾರತೀಯ ವಿಜ್ಞಾನ ಅಕಾಡೆಮಿ ಅದನ್ನು ಪ್ರಕಟಿಸಿತು. ಈ ಅಕಾಡೆಮಿಯ ಅಧ್ಯಕ್ಷರಾಗಿಯೂ ಅವರು ಕೆಲಸ ಮಾಡಿದ್ದರು.

ಪತ್ನಿ ನಳಿನಿ ಧವನ್ ಜೀವಕೋಶ ವಿಜ್ಞಾನದಲ್ಲಿ ತರಬೇತಿ ಪಡೆದವರು. 1971ರಲ್ಲಿ ಪದ್ಮಭೂಷಣ, 1981ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಧವನ್ ಅವರಿಗೆ ದೊರೆತವು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು.

ನಂತರದ ದಿನಗಳು

2002ರ ಸೆಪ್ಟೆಂಬರ್‌ನಲ್ಲಿ ಶ್ರೀಹರಿಕೋಟಾದ ಕೇಂದ್ರಕ್ಕೆ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರವೆಂದು ನಾಮಕರಣವಾಯಿತು. 2021ರ ಫೆಬ್ರವರಿ 28ರಂದು ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹಾರಿದ ಪುಟ್ಟ ಉಪಗ್ರಹವೊಂದಕ್ಕೂ ಇವರ ಹೆಸರಿತ್ತು.

2008ರ ಅಕ್ಟೋಬರ್ 22ರಂದು ಚಂದ್ರಯಾನ 1 ಇದೇ ಕೇಂದ್ರದಿಂದ ಹೊರಟಿತು. ಅದರ ಸಂಕೇತಗಳನ್ನು ಹಿಡಿಯಲು ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ, ಬಿಡದಿಯ ಕಡೆಗಿರುವ ಬ್ಯಾಲಾಳು ಗ್ರಾಮದಲ್ಲಿ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಎರಡು ಬೃಹತ್ ಆಂಟೆನಾಗಳನ್ನು ನಿಲ್ಲಿಸಲಾಗಿತ್ತು. ಅಕ್ಟೋಬರ್ 29ರಂದು ನೌಕೆಯ ಕ್ಯಾಮೆರಾವನ್ನು ಮೊದಲ ಬಾರಿಗೆ ಚಾಲನೆಗೊಳಿಸಿ ಭೂಮಿಯ ಚಿತ್ರ ತೆಗೆಯಲಾಯಿತು. ಮುಂದಿನ ತಿಂಗಳು ಚಂದ್ರನ ಕುಳಿಗಳ ಚಿತ್ರಗಳು, ಐದು ಮೀಟರಿಗೆ ಒಂದು ಬಿಂದುವಿನಂತೆ, ಅಂಕಿಗಳ ಸಾಲುಗಳಾಗಿ ಇಳಿದು ಬರತೊಡಗಿದವು.